ಸಿಪಿಎಲ್ ಅರ್ಜಿ: ಇನ್ನೂರು ಗಂಟೆ ಹಾರಿದ ಮೇಲೆ ಉಳಿಯುವ ಕೆಲಸ

ಇನ್ನೂರು ಗಂಟೆ ಮುಗಿಯಿತು, ಟೆಸ್ಟುಗಳೂ ಆದವು ಎಂದ ಮಾತ್ರಕ್ಕೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ (ಸಿಪಿಎಲ್) ಕೈಗೆ ಬಂದುಬಿಡುವುದಿಲ್ಲ. ದೆಹಲಿಯ ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಎದುರಿನ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಕಚೇರಿಯಲ್ಲಿ ಅರ್ಜಿ ತೆರೆದು ನೋಡುವವರು ನಿಮ್ಮ ಲ್ಯಾಂಡಿಂಗ್ ಎಷ್ಟು ನಯವಾಗಿತ್ತು ಎಂದು ಕೇಳುವುದಿಲ್ಲ. ಅವರ ಮುಂದೆ ಇರುವುದು ಬರೀ ಕಾಗದ. ಕೂಡಿಸಿದರೆ ಮೊತ್ತ ತಾಳೆಯಾಗುತ್ತದೆಯೇ, ತಾರೀಕು ಗಡುವಿನ ಒಳಗಿದೆಯೇ, ಹೆಸರು ಎಲ್ಲ ಕಡೆ ಒಂದೇ ಇದೆಯೇ ಎಂದು ನೋಡುತ್ತಾರೆ. ಹಾಗಾಗಿ ಈ ಹಂತದಲ್ಲಿ ಪೈಲಟ್ ಆಗಿ ಯೋಚಿಸುವುದನ್ನು ಬಿಟ್ಟು ಮಂಡಿಯ ಗುಮಾಸ್ತನ ಹಾಗೆ ಯೋಚಿಸುವುದು ಒಳ್ಳೆಯದು. ನಾನು ಅನುಸರಿಸಿದ ಕ್ರಮವನ್ನು, ಎಲ್ಲೆಲ್ಲಿ ಅರ್ಜಿಗಳು ಸಿಕ್ಕಿಕೊಳ್ಳುತ್ತವೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಭಾರತದಲ್ಲೇ ತರಬೇತಿ ಮುಗಿಸಿ ವಿಮಾನದ ಸಿಪಿಎಲ್‌ಗೆ ಅರ್ಜಿ ಹಾಕುವವರಿಗೆ ಇದು ಹೊಂದುತ್ತದೆ. ಹೊರದೇಶದಲ್ಲಿ ಕಲಿತು ಬಂದವರ ಬಗ್ಗೆ ಕೊನೆಯ ಕಡೆ ಸ್ವಲ್ಪ ಇದೆ.

ನಿಯಮ ಏನು ಕೇಳುತ್ತದೆ

1937ರ ಏರ್‌ಕ್ರಾಫ್ಟ್ ರೂಲ್ಸ್‌ನ ಎರಡನೇ ಷೆಡ್ಯೂಲಿನಲ್ಲಿ ಜೆ ವಿಭಾಗ ಸಿಪಿಎಲ್‌ಗೆ ಮೀಸಲು. ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗ ಹಿಡಿದರೂ, ಗಂಟೆಗಳ ಲೆಕ್ಕಕ್ಕೆ ಈ ಷೆಡ್ಯೂಲನ್ನೇ ನೋಡಬೇಕು. ಎರಡು ಪುಟ ಇರಬಹುದು, ಅಷ್ಟೇ. ಹಾಸ್ಟೆಲಿನಲ್ಲಿ ಸೀನಿಯರ್‌ಗಳು ಹೇಳಿದ್ದನ್ನು ನಂಬುವ ಮೊದಲು ಅದನ್ನು ಒಮ್ಮೆ ಮುದ್ರಿಸಿಕೊಂಡು ಓದಿ.

ಒಟ್ಟು ಹಾರಾಟ 200 ಗಂಟೆ. ಅದರಲ್ಲಿ ಪಿಐಸಿ, ಅಂದರೆ ವಿಮಾನದ ಹೊಣೆ ನಿಮ್ಮದೇ ಆಗಿದ್ದ ಹಾರಾಟ, 100 ಗಂಟೆ. ಈ ನೂರರಲ್ಲಿ ಕನಿಷ್ಠ 15 ಗಂಟೆ ಅರ್ಜಿಯ ದಿನಕ್ಕೆ ಹಿಂದಿನ ಆರು ತಿಂಗಳ ಒಳಗಿನದಾಗಿರಬೇಕು. ಪಿಐಸಿ ಆಗಿ ಕ್ರಾಸ್ ಕಂಟ್ರಿ (ಒಂದೂರಿಂದ ಇನ್ನೊಂದೂರಿನ ಕಡೆಗೆ ದಾರಿ ಹಿಡಿದು ಹಾರುವುದು) 20 ಗಂಟೆ, ಅದರಲ್ಲಿ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ ಒಂದು ಹಾರಾಟ, ಆ ಹಾರಾಟದಲ್ಲಿ ಎರಡು ಬೇರೆ ಬೇರೆ ಏರೋಡ್ರೋಮುಗಳಲ್ಲಿ ಇಳಿದು ಪೂರ್ತಿ ನಿಂತಿರಬೇಕು. ಇನ್‌ಸ್ಟ್ರುಮೆಂಟ್ ಸಮಯ, ಅಂದರೆ ಹೊರಗೆ ನೋಡದೆ ಉಪಕರಣಗಳನ್ನೇ ನಂಬಿ ಹಾರಿಸಿದ್ದು, 10 ಗಂಟೆ, ಅದರಲ್ಲಿ ಸಿಮ್ಯುಲೇಟರಿನದು 5 ಗಂಟೆ ಮೀರಬಾರದು. ರಾತ್ರಿ ಹಾರಾಟ 5 ಗಂಟೆ, ಜೊತೆಗೆ ಪಿಐಸಿ ಆಗಿ 10 ಟೇಕಾಫ್, 10 ಲ್ಯಾಂಡಿಂಗ್. ಇವೂ ಹಿಂದಿನ ಆರು ತಿಂಗಳ ಒಳಗಿನವೇ ಆಗಬೇಕು.

ಟೆಸ್ಟುಗಳು ನಾಲ್ಕು. ಹಗಲು ಜನರಲ್ ಫ್ಲೈಯಿಂಗ್ ಟೆಸ್ಟ್, ರಾತ್ರಿ ಜನರಲ್ ಫ್ಲೈಯಿಂಗ್ ಟೆಸ್ಟ್, ಹಗಲು 250 ನಾಟಿಕಲ್ ಮೈಲಿಯ ಕ್ರಾಸ್ ಕಂಟ್ರಿ ಟೆಸ್ಟ್ (ನಡುವೆ ಬೇರೆ ಕಡೆ ಒಮ್ಮೆಯಾದರೂ ಇಳಿದು ನಿಲ್ಲಬೇಕು), ರಾತ್ರಿ 120 ನಾಟಿಕಲ್ ಮೈಲಿಯ ಕ್ರಾಸ್ ಕಂಟ್ರಿ ಟೆಸ್ಟ್ (ಎಲ್ಲೂ ಇಳಿಯದೆ ಹೊರಟಲ್ಲಿಗೇ ಮರಳಬೇಕು). ಇವಕ್ಕೂ ಆರು ತಿಂಗಳ ಗಡುವೇ. ಇನ್‌ಸ್ಟ್ರುಮೆಂಟ್ ರೇಟಿಂಗ್, ಮಲ್ಟಿ ಎಂಜಿನ್ ಬೇಕಿದ್ದರೆ ಅವುಗಳ ಟೆಸ್ಟ್ ಬೇರೆ.

ತಾರೀಕಿನಿಂದ ಹಿಂದಕ್ಕೆ ಎಣಿಸಿ

ಹೆಚ್ಚಿನವರು ಎಡವುವುದು ಗಂಟೆಯಲ್ಲಲ್ಲ, ಈ ಆರು ತಿಂಗಳಲ್ಲಿ. ಎಲ್ಲ ಗಡುವುಗಳೂ ಅರ್ಜಿ ಸಲ್ಲಿಸಿದ ದಿನದಿಂದ ಹಿಂದಕ್ಕೆ ಎಣಿಕೆಯಾಗುತ್ತವೆ. ಹಾಗಾಗಿ ತರಬೇತಿ ಮುಗಿದ ಮೇಲೆ ಅರ್ಜಿಯ ದಿನ ನೋಡಿಕೊಳ್ಳೋಣ ಎಂದರೆ ಆಗದು. ಸುಮಾರು 140 ಗಂಟೆ ದಾಟುತ್ತಿದ್ದಂತೆ ಒಂದು ಅರ್ಜಿ ದಿನಾಂಕವನ್ನು ಗುರುತು ಹಾಕಿಕೊಂಡು, ಅಲ್ಲಿಂದ ಹಿಂದಕ್ಕೆ ಕೆಲಸಗಳನ್ನು ಜೋಡಿಸಬೇಕು.

ನವೆಂಬರ್ 20ಕ್ಕೆ ಅರ್ಜಿ ಎಂದುಕೊಳ್ಳಿ. ಆಗ ಮೇ 20ಕ್ಕಿಂತ ಹಿಂದಿನ ಟೆಸ್ಟ್ ಯಾವುದೂ ಲೆಕ್ಕಕ್ಕಿಲ್ಲ. ಮೇ 12ರಂದು ಮಾಡಿದ ಹಗಲು ಜನರಲ್ ಫ್ಲೈಯಿಂಗ್ ಟೆಸ್ಟ್ ಎಷ್ಟೇ ಚೆನ್ನಾಗಿ ಪಾಸಾಗಿರಲಿ, ಮತ್ತೊಮ್ಮೆ ಹಾರಬೇಕು, ಮತ್ತೊಮ್ಮೆ ಹಣ ಕಟ್ಟಬೇಕು. ನಮ್ಮ ಕಡೆ ಇದಕ್ಕೆ ಮಳೆಗಾಲವೂ ಸೇರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ತಗ್ಗಿ, ವಿಸಿಬಿಲಿಟಿ 5 ಕಿಲೋಮೀಟರಿಗಿಂತ ಇಳಿದು, ಸೋಲೊ (ವಿದ್ಯಾರ್ಥಿ ಒಬ್ಬನೇ ಹಾರುವುದು) ಬಿಡುವ ದಿನಗಳೇ ಕಡಿಮೆಯಾಗುತ್ತವೆ. ಆ ಹೊತ್ತಿಗೇ ಶಾಲೆಯ ಒಂದು ವಿಮಾನ 100 ಗಂಟೆಯ ಇನ್‌ಸ್ಪೆಕ್ಷನ್‌ಗೆ ಹೋಗಿ ಬಿಡಿಭಾಗಕ್ಕೆ ಕಾದು ಕುಳಿತರೆ ಮುಗಿಯಿತು. ಮೇ ತಿಂಗಳಲ್ಲಿ ಟೆಸ್ಟ್ ಮಾಡಿ ಅಕ್ಟೋಬರಿನಲ್ಲಿ ಉಳಿದ ಗಂಟೆ ಮುಗಿಸುತ್ತೇನೆ ಎಂಬ ಯೋಜನೆ ಬಹಳ ಸಲ ಮುರಿಯುವುದು ಇದಕ್ಕೇ.

ಇನ್ನೊಂದು ಗುಂಡಿ ಮೇಲುನೋಟಕ್ಕೆ ಕಾಣುವುದಿಲ್ಲ. 15 ಗಂಟೆ ಪಿಐಸಿ ಕೊನೆಯ ಆರು ತಿಂಗಳಲ್ಲಿ ಬೇಕು ಎಂದೆನಲ್ಲ. ಆದರೆ ಸಹಜವಾಗಿ ತರಬೇತಿಯ ಕೊನೆಯಲ್ಲಿ ಬರುವುದು ಇನ್‌ಸ್ಟ್ರುಮೆಂಟ್ ಮತ್ತು ಮಲ್ಟಿ ಎಂಜಿನ್. ಇವೆರಡೂ ಬಹುಪಾಲು ಡ್ಯುಯಲ್, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತ ಹಾರಾಟ. ಸೋಲೊ ಗಂಟೆಗಳನ್ನೆಲ್ಲ ಮೊದಲೇ ಬೇಗ ಬೇಗ ಮುಗಿಸಿಕೊಂಡವನ ಲಾಗ್‌ಬುಕ್‌ನಲ್ಲಿ ಕೊನೆಯ ಆರು ತಿಂಗಳಲ್ಲಿ 45 ಗಂಟೆ ಹಾರಾಟ ಇರುತ್ತದೆ, ಪಿಐಸಿ ಮಾತ್ರ 11. ಒಟ್ಟು ಪಿಐಸಿ 100 ದಾಟಿದ್ದರೂ ನಾಲ್ಕು ಗಂಟೆ ಕಡಿಮೆ. ಆದ್ದರಿಂದ ಕನಿಷ್ಠ 18 ಗಂಟೆ ಸೋಲೊವನ್ನು ಕೊನೆಗೆ ಎತ್ತಿಡಿ. 300 ನಾಟಿಕಲ್ ಮೈಲಿಯ ದೊಡ್ಡ ಕ್ರಾಸ್ ಕಂಟ್ರಿಯನ್ನು ಕೊನೆಯ ತಿಂಗಳುಗಳಿಗೆ ಇಟ್ಟುಕೊಂಡರೆ ಅದರಿಂದಲೇ ಮೂರು ಗಂಟೆಗೂ ಹೆಚ್ಚು ಸಿಗುತ್ತದೆ.

ಹಾರಾಟವೇ ಅಲ್ಲದ ಕೆಲಸಗಳನ್ನು ಟೆಸ್ಟುಗಳಿಗಿಂತ ಮೊದಲೇ ಮುಗಿಸಿ. ಏರ್ ನ್ಯಾವಿಗೇಷನ್, ಮಿಟಿಯರಾಲಜಿ, ಏರ್ ರೆಗ್ಯುಲೇಷನ್ಸ್, ಟೆಕ್ನಿಕಲ್ ಜನರಲ್, ನೀವು ಹಾರಿಸುವ ವಿಮಾನದ ಟೆಕ್ನಿಕಲ್ ಸ್ಪೆಸಿಫಿಕ್, ಎಲ್ಲದರಲ್ಲೂ 70 ಶೇಕಡ ಬೇಕು. ಆರ್‌ಟಿಆರ್, ಅಂದರೆ ವಿಮಾನದ ರೇಡಿಯೊ ಬಳಸುವುದಕ್ಕಿರುವ ಪರೀಕ್ಷೆ, ಅದೂ ಮೊದಲೇ ಮುಗಿದಿರಲಿ. ಮೊದಲು ದೂರಸಂಪರ್ಕ ಇಲಾಖೆಯ ಕೈಯಲ್ಲಿದ್ದ ಆರ್‌ಟಿಆರ್ ಹೊಸ ಅಧಿನಿಯಮದ ಮೂಲಕ ಡಿಜಿಸಿಎಗೆ ಬಂದಿದೆ, ಆದರೂ ಅದು ಒಂದೇ ಸಲಕ್ಕೆ ಪಾಸಾಗುತ್ತದೆ ಎಂಬ ಭರವಸೆಯ ಮೇಲೆ ಟೆಸ್ಟಿನ ತಾರೀಕು ಗೊತ್ತುಮಾಡಬೇಡಿ. ನಾಲ್ಕೂ ಟೆಸ್ಟ್ ಮುಗಿಸಿ ಆರ್‌ಟಿಆರ್ ಫಲಿತಾಂಶಕ್ಕೆ ಕಾಯುವವರ ಆರು ತಿಂಗಳು ದಿನವೂ ಕರಗುತ್ತಿರುತ್ತದೆ. ನನ್ನ ಲೆಕ್ಕದಲ್ಲಿ ಸರಿಯಾದ ಸಾಲು ಹೀಗೆ: ಪೇಪರುಗಳು, ಆರ್‌ಟಿಆರ್, ಇಂಗ್ಲಿಷ್ ಭಾಷಾ ಪರೀಕ್ಷೆ, ಆಮೇಲೆ ರಾತ್ರಿ ಹಾರಾಟ, ಅದರ ಬೆನ್ನಿಗೇ ನಾಲ್ಕು ಟೆಸ್ಟು, ಕೊನೆಗೆ ಇನ್‌ಸ್ಟ್ರುಮೆಂಟ್ ಟೆಸ್ಟ್. ಮೊದಲ ಟೆಸ್ಟಿಗೂ ಅರ್ಜಿಗೂ ನಡುವೆ ಮೂರು ತಿಂಗಳಿಗಿಂತ ಹೆಚ್ಚು ಇರಬಾರದು. ಉಳಿದ ಮೂರು ತಿಂಗಳು ಅರ್ಜಿ ತಿರಸ್ಕೃತವಾದರೆ ಬೇಕಾಗುವ ಜಾಗ, ಏಕೆಂದರೆ ಹೊಸ ಅರ್ಜಿ ಎಂದರೆ ಹೊಸ ತಾರೀಕು.

ವೈದ್ಯಕೀಯದ ತಾರೀಕನ್ನೂ ಇದೇ ಪಟ್ಟಿಯಲ್ಲಿ ಬರೆದುಕೊಳ್ಳಿ. ಸಿಪಿಎಲ್‌ಗೆ ಕ್ಲಾಸ್ 1 ಬೇಕು, ನಲವತ್ತರ ಒಳಗಿನವರಿಗೆ ಅದು 12 ತಿಂಗಳು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಮಾಡಿಸುವವರು ಸ್ಲಾಟಿಗೆ ಕಾಯಬೇಕಾಗುತ್ತದೆ, ಅದನ್ನೂ ಸೇರಿಸಿ ಎಣಿಸಿ. ಅರ್ಜಿ ಹಾಕುವ ದಿನ ಕನಿಷ್ಠ ಮೂರು ತಿಂಗಳ ವ್ಯಾಲಿಡಿಟಿ ಉಳಿದಿರಲಿ. ಜೊತೆಗೆ ಲಾಗ್‌ಬುಕ್ ಹಿಡಿದು ಒಂದು ಪರಿಶೀಲನೆ: ತರಬೇತಿಯ ಯಾವ ಹಾರಾಟವೂ ಮೆಡಿಕಲ್ ಮುಗಿದು ಹೊಸದು ಬರುವ ಮಧ್ಯದ ದಿನಗಳಲ್ಲಿ ಬಿದ್ದಿರಬಾರದು. ಸ್ಟೂಡೆಂಟ್ ಪೈಲಟ್ ಲೈಸೆನ್ಸಿನ ಅವಧಿಯನ್ನೂ ಹೀಗೆಯೇ ನೋಡಿ. ಅಂಥ ಒಂದು ಸಾಲು ಸಿಕ್ಕರೆ ಆ ಗಂಟೆ ಹೋಗುತ್ತದೆ, ಮೇಲೆ ವಿವರಣೆಯನ್ನೂ ಕೇಳುತ್ತಾರೆ.

ಲಾಗ್‌ಬುಕ್

ಏರ್‌ಕ್ರಾಫ್ಟ್ ರೂಲ್ಸ್‌ನ 67ಎ ನಿಯಮ ಲಾಗ್‌ಬುಕ್ಕಿನದು. ಇಡೀ ಅರ್ಜಿಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ನಾನು ಮಾಡಿದ್ದು ಇಷ್ಟು: ಕೊನೆಯ ಹಾರಾಟದ ಹೊತ್ತಿಗೆ ಇಡೀ ಪುಸ್ತಕವನ್ನು ಸಾಲು ಸಾಲಾಗಿ ಎಕ್ಸೆಲ್‌ಗೆ ಇಳಿಸುವುದು. ತಾರೀಕು, ವಿಮಾನದ ನೋಂದಣಿ, ಎಲ್ಲಿಂದ, ಎಲ್ಲಿಗೆ, ಚಾಕ್ಸ್ ಆಫ್ (ವಿಮಾನ ಕದಲಿದ ಸಮಯ), ಚಾಕ್ಸ್ ಆನ್ (ನಿಂತ ಸಮಯ), ಹಗಲು ಡ್ಯುಯಲ್, ಹಗಲು ಪಿಐಸಿ, ರಾತ್ರಿ ಡ್ಯುಯಲ್, ರಾತ್ರಿ ಪಿಐಸಿ, ಇನ್‌ಸ್ಟ್ರುಮೆಂಟ್, ಸಿಮ್ಯುಲೇಟರ್, ಲ್ಯಾಂಡಿಂಗ್ ಸಂಖ್ಯೆ, ಷರಾ. ಎರಡು ದಿನದ ಕೆಲಸ, ಬೇಸರದ ಕೆಲಸ. ಆದರೆ ಪುಟದ ಕೆಳಗಿನ ಮೊತ್ತ ಮುಂದಿನ ಪುಟಕ್ಕೆ ಹೋಗುವಾಗ 47:35 ಎಂಬುದು 47:55 ಆಗಿರುವುದು ಸಿಗುವುದು ಹೀಗೆ ಮಾಡಿದಾಗಲೇ. ಕಣ್ಣಿಂದ ಓದಿದರೆ ಸಿಗದು.

ತಾಳೆ ನೋಡುವ ಸೂತ್ರ ಸರಳ. ಹಗಲು ಡ್ಯುಯಲ್, ಹಗಲು ಪಿಐಸಿ, ರಾತ್ರಿ ಡ್ಯುಯಲ್, ರಾತ್ರಿ ಪಿಐಸಿ, ಈ ನಾಲ್ಕನ್ನು ಸಿಂಗಲ್ ಎಂಜಿನ್ನಿಗೂ ಮಲ್ಟಿ ಎಂಜಿನ್ನಿಗೂ ಕೂಡಿಸಿದರೆ ಒಟ್ಟು ಹಾರಾಟ ಬರಬೇಕು. ಇನ್‌ಸ್ಟ್ರುಮೆಂಟ್ ಸಮಯ ಇದರ ಒಳಗೇ ಇರುವಂಥದ್ದು, ಮೇಲೆ ಕೂಡಿಸುವಂಥದ್ದಲ್ಲ. ಸಿಮ್ಯುಲೇಟರ್ ಈ 200ಕ್ಕೆ ಹೊರಗೆ. ಇವೆರಡನ್ನೂ ಒಟ್ಟಿಗೆ ಸೇರಿಸಿ 208 ಗಂಟೆ ಎಂದು ಬರೆದ ಮೇಲೆ ಪರಿಶೀಲಿಸುವವರು ಉಳಿದ ಅಂಕಿಗಳನ್ನೂ ಅನುಮಾನದಿಂದಲೇ ನೋಡುತ್ತಾರೆ, ಅದು ಸಹಜ.

ವಿಮಾನ ಓಡಿದ ಗಂಟೆ ತೋರಿಸುವ ಹಾಬ್ಸ್ ಮೀಟರಿನಿಂದ ಬರುವ ತಪ್ಪು ಇನ್ನೂ ಸಣ್ಣದು, ಇನ್ನೂ ಅಪಾಯದ್ದು. ಮೀಟರ್ ದಶಮಾಂಶದಲ್ಲಿ ತೋರಿಸುತ್ತದೆ. 1.3 ಎಂದರೆ ಒಂದು ಗಂಟೆ ಹದಿನೆಂಟು ನಿಮಿಷ. ಅದನ್ನೇ 1:30 ಎಂದು ಬರೆದರೆ ಹನ್ನೆರಡು ನಿಮಿಷ ಹೆಚ್ಚಾಯಿತು. ಇಂಥ ಐವತ್ತು ಸಾಲು ಇದ್ದರೆ ಹತ್ತು ಗಂಟೆ ಗಾಳಿಯಲ್ಲೇ ಹುಟ್ಟಿಕೊಳ್ಳುತ್ತದೆ! ಶಾಲೆಯ ಆಥರೈಸೇಷನ್ ಪುಸ್ತಕದ (ಪ್ರತಿ ಹಾರಾಟಕ್ಕೂ ಅನುಮತಿ ಬರೆಯುವ ದಾಖಲೆ) ಜೊತೆ ಹೋಲಿಸಿದ ದಿನ ಅದು ತಪ್ಪಾಗಿ ಕಾಣುವುದಿಲ್ಲ, ಸುಳ್ಳು ಎಂಟ್ರಿಯಾಗಿ ಕಾಣುತ್ತದೆ. ಅದಕ್ಕೆ ಶಿಕ್ಷೆಯೇ ಬೇರೆ.

ಅದೇ ರೀತಿ ಚಾಕ್ಸ್ ಸಮಯ ಮತ್ತು ಗಾಳಿಯಲ್ಲಿದ್ದ ಸಮಯ. ನಮ್ಮ ಲಾಗ್‌ಬುಕ್‌ಗೆ ಬೇಕಾದದ್ದು ವಿಮಾನ ಹಾರಲೆಂದು ಮೊದಲು ಕದಲಿದ ಕ್ಷಣದಿಂದ ಹಾರಾಟ ಮುಗಿದು ನಿಂತ ಕ್ಷಣದವರೆಗಿನದು. ನಿರ್ವಹಣೆಯವರ ಲೆಕ್ಕಕ್ಕೆ ಬೇಕಾದದ್ದು ಟೇಕಾಫಿನಿಂದ ಲ್ಯಾಂಡಿಂಗ್‌ವರೆಗಿನದು. ಎರಡೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇದ್ದಾಗ ಅವಸರದಲ್ಲಿ ಒಮ್ಮೆ ಇದನ್ನು, ಒಮ್ಮೆ ಅದನ್ನು ನಕಲು ಮಾಡಿರುತ್ತೇವೆ. ಟ್ಯಾಕ್ಸಿ ದೂರವಿರುವ ನಿಲ್ದಾಣದಲ್ಲಿ ವ್ಯತ್ಯಾಸ ಒಂದೊಂದು ಸಲ ಹದಿನೈದು ನಿಮಿಷ ಆಗುತ್ತದೆ.

ಸಮಯವನ್ನು ಯುಟಿಸಿಯಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯದಲ್ಲಿ, ಬರೆಯುವಾಗ ಎರಡು ಕಡೆ ಎಚ್ಚರ ಬೇಕು. ಬೆಳಗಿನ ಜಾವ 5:15ಕ್ಕೆ ರಾತ್ರಿ ಸರ್ಕೀಟಿಗೆ (ನಿಲ್ದಾಣವನ್ನೇ ಸುತ್ತಿ ಬಂದು ಇಳಿಯುವ ಹಾರಾಟ) ಹೊರಟರೆ ಯುಟಿಸಿಯಲ್ಲಿ ಅದು 23:45, ತಾರೀಕು ಹಿಂದಿನ ದಿನದ್ದು. ನಮ್ಮ 5:30ರವರೆಗೂ ಹಾಗೆಯೇ. ಟೆಸ್ಟ್ ರಿಪೋರ್ಟಿನಲ್ಲಿ ಪರೀಕ್ಷಕರು ಇಲ್ಲಿನ ತಾರೀಕು ಹಾಕಿ, ಲಾಗ್‌ಬುಕ್‌ನಲ್ಲಿ ನೀವು ಯುಟಿಸಿ ತಾರೀಕು ಹಾಕಿದ್ದರೆ ಎರಡೂ ಸರಿ, ಆದರೂ ತಾಳೆಯಾಗುವುದಿಲ್ಲ. ಷರಾ ಕಾಲಮಿನಲ್ಲಿ ಒಂದು ಸಾಲು ಬರೆದು ಸಿಎಫ್‌ಐ (ಶಾಲೆಯ ಚೀಫ್ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್) ಸಹಿ ಹಾಕಿಸಿಬಿಡಿ. ಎರಡನೆಯದು, ರಾತ್ರಿ ಯಾವಾಗ ಶುರುವಾಗುತ್ತದೆ ಎಂಬುದು. ನಮ್ಮ ಅಕ್ಷಾಂಶದಲ್ಲಿ ಸೂರ್ಯಾಸ್ತದ ನಂತರ 20 ನಿಮಿಷ ಕಳೆದ ಮೇಲಷ್ಟೇ ರಾತ್ರಿ. ಬೆಂಗಳೂರಿನಲ್ಲಿ ಡಿಸೆಂಬರ್ ಆರಂಭಕ್ಕೆ ಸೂರ್ಯ ಸುಮಾರು 5:55ಕ್ಕೆ ಮುಳುಗಿದರೆ ಜೂನ್ ಕೊನೆಗೆ 6:48ರ ಸುಮಾರಿಗೆ. ಅಂದರೆ ಸಂಜೆ 6:20, ಯುಟಿಸಿಯಲ್ಲಿ 12:50, ಡಿಸೆಂಬರಿನಲ್ಲಿ ರಾತ್ರಿ, ಜೂನಿನಲ್ಲಿ ಹಾಡುಹಗಲು. ಸಂಜೆ ಶುರುವಾಗಿ ಕತ್ತಲಾದ ಮೇಲೆ ಮುಗಿದ ಹಾರಾಟವನ್ನು ಎರಡು ಭಾಗ ಮಾಡಿ ಬರೆಯಬೇಕು, ಪೂರ್ತಿ ರಾತ್ರಿ ಎಂದು ಹಾಕಬಾರದು.

ರಾತ್ರಿಯ ಹತ್ತು ಲ್ಯಾಂಡಿಂಗುಗಳಿಗೆ ಪ್ರತಿ ಸಾಲಿನಲ್ಲೂ ಸಂಖ್ಯೆ ಬರೆದಿರಬೇಕು. ಸೆಸ್ನಾ 172ರಲ್ಲಿ ಒಂದು ಸರ್ಕೀಟಿಗೆ ಆರೇಳು ನಿಮಿಷ, ಹತ್ತಕ್ಕೆ ಒಂದು ಗಂಟೆ ಹತ್ತು ನಿಮಿಷ. ಏರ್‌ಲೈನ್ ವಿಮಾನ ಬರುವ ನಿಲ್ದಾಣವಾದರೆ ಟವರ್ ಸುತ್ತು ಹಾಕಿಸುತ್ತದೆ, ಒಂದೂವರೆ ಗಂಟೆ ಹಿಡಿಯಿರಿ. ನಾನು ಹನ್ನೆರಡು ಎಂದು ಇಟ್ಟುಕೊಂಡಿದ್ದೆ. ಇದೇ ಮಾತು ಎಲ್ಲ ಅಂಕಿಗಳಿಗೂ. 200:00 ಎಂದು ಸರಿಯಾಗಿ ನಿಲ್ಲಿಸಿದವರ ಲೆಕ್ಕದಲ್ಲಿ ಪರಿಶೀಲಕರು ಇಪ್ಪತ್ತು ನಿಮಿಷ ತೆಗೆದುಹಾಕಿದರೆ 199:40, ಅರ್ಜಿ ವಾಪಸ್ಸು. ಒಟ್ಟು 203ರಿಂದ 205, ಪಿಐಸಿ 102, ಪಿಐಸಿ ಕ್ರಾಸ್ ಕಂಟ್ರಿ 22 ಇದ್ದರೆ ನೆಮ್ಮದಿ. ಆ ಮೂರು ಗಂಟೆಯ ಖರ್ಚು ನೋಡಿ ಹೊಟ್ಟೆ ಉರಿಯುತ್ತದೆ ನಿಜ, ಆದರೆ ಟೆಸ್ಟ್ ಮತ್ತೆ ಮಾಡುವ ಖರ್ಚಿನ ಮುಂದೆ ಅದು ಏನೂ ಅಲ್ಲ.

300 ನಾಟಿಕಲ್ ಮೈಲಿಯ ಹಾರಾಟದಲ್ಲಿ ಓದಿದರೂ ತಪ್ಪುವುದು ಎರಡು ಏರೋಡ್ರೋಮಿನ ಷರತ್ತು. ಕಲಬುರಗಿಯಿಂದ ಬೆಳಗಾವಿಗೆ ನೇರ ದೂರ ಸುಮಾರು 160 ನಾಟಿಕಲ್ ಮೈಲಿ, ಹೋಗಿ ಬಂದರೆ 320. ದೂರ ಸಾಕು, ಆದರೆ ಹೊರಗೆ ಇಳಿದದ್ದು ಒಂದೇ ಕಡೆ. ಅದೇ ಕಲಬುರಗಿ, ಬೆಳಗಾವಿ, ಹುಬ್ಬಳ್ಳಿ, ಮತ್ತೆ ಕಲಬುರಗಿ ಎಂದು ತ್ರಿಕೋನ ಹಾಕಿದರೆ ಸುಮಾರು 360 ಆಗುತ್ತದೆ, ಎರಡು ಕಡೆ ಇಳಿದೂ ಆಗುತ್ತದೆ. ಹುಬ್ಬಳ್ಳಿಯಲ್ಲಿ ಟಚ್ ಅಂಡ್ ಗೋ, ಅಂದರೆ ನೆಲ ಮುಟ್ಟಿ ನಿಲ್ಲದೆ ಮತ್ತೆ ಏರುವುದು, ಮಾಡಿ ಹೊರಟರೆ ಮಾತ್ರ ಎಲ್ಲ ವ್ಯರ್ಥ, ನಿಂತಿರಬೇಕು. ಲಾಗ್‌ಬುಕ್‌ನಲ್ಲಿ ಇದನ್ನು ಮೂರು ಸಾಲಾಗಿ, ಪ್ರತಿ ಹಂತಕ್ಕೂ ಬೇರೆ ಚಾಕ್ಸ್ ಸಮಯದೊಂದಿಗೆ ಬರೆಯಿರಿ, ಷರಾದಲ್ಲಿ ಒಟ್ಟು ದೂರ ಹಾಕಿ. ಒಂದೇ ಸಾಲಿನಲ್ಲಿ ಹೊರಟಲ್ಲಿಂದ ಹೊರಟಲ್ಲಿಗೇ ಎಂದು ಬರೆದರೆ ಇಳಿದ ಸಾಕ್ಷಿ ಎಲ್ಲಿದೆ? ನ್ಯಾವಿಗೇಷನ್ ಲಾಗ್ ಮತ್ತು ಫ್ಲೈಟ್ ಪ್ಲಾನಿನ ಪ್ರತಿಯನ್ನು ಎಸೆಯದೆ ಇಟ್ಟುಕೊಳ್ಳಿ.

ತಿದ್ದುಪಡಿಗೆ ವೈಟ್ನರ್ ಮುಟ್ಟಬೇಡಿ. ತಪ್ಪಿನ ಮೇಲೆ ಒಂದೇ ಗೆರೆ, ಕೆಳಗಿನದು ಓದಲು ಬರುವಂತೆ. ಪಕ್ಕದಲ್ಲಿ ಸರಿಯಾದದ್ದು, ಸಿಎಫ್‌ಐ ಸಹಿ, ಮುದ್ರೆ. ಒಂದು ಪುಟದಲ್ಲಿ ಐದಾರು ತಿದ್ದುಪಡಿ ಆದರೆ ಕೆಳಗೆ ಪುಟದ ಮೊತ್ತಕ್ಕೂ ಬೇರೆ ಸಹಿ ಹಾಕಿಸುವುದು ಒಳ್ಳೆಯದು.

ಹೆಸರು

ಇದನ್ನು ಓದುತ್ತಿರುವ ಕರ್ನಾಟಕದವರಿಗೆ ಈ ಭಾಗವೇ ಮುಖ್ಯವಾಗಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಮ್ಮ ಹೆಸರಿಗೆ ಇನಿಷಿಯಲ್ ಇರುತ್ತದೆ, ರಾಘವೇಂದ್ರ ಕೆ ಎಸ್ ಎಂಬ ಹಾಗೆ. ಕೆ ಎಂದರೆ ಊರು, ಎಸ್ ಎಂದರೆ ತಂದೆ. ಪಿಯುಸಿಯಲ್ಲಿ ಅದು ಕೆ ಎಸ್ ರಾಘವೇಂದ್ರ ಆಗಿರುತ್ತದೆ. ಆಧಾರ್‌ನಲ್ಲಿ ಬರೀ ರಾಘವೇಂದ್ರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕೇಳುತ್ತಾರೆಂದು ಇನಿಷಿಯಲ್ ಬಿಡಿಸಿ ಊರು ಮತ್ತು ಅಪ್ಪನ ಹೆಸರನ್ನು ಅಲ್ಲಿ ತುಂಬಿರುತ್ತಾರೆ. ನಮಗೆ ನಾಲ್ಕೂ ಒಬ್ಬನೇ. ಆದರೆ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂದು ಮೂರು ಖಾನೆ ಇಟ್ಟ ಸಾಫ್ಟ್‌ವೇರಿಗೂ, ಇನಿಷಿಯಲ್ ಪದ್ಧತಿಯೇ ಇಲ್ಲದ ಸೀಮೆಯಿಂದ ಬಂದ ಪರಿಶೀಲಕರಿಗೂ ನಾಲ್ಕು ಜನ. ಅವರ ತಪ್ಪು ಎನ್ನಲಾಗದು.

ಇದನ್ನು ಸರಿಪಡಿಸುವ ಸಮಯ ಅರ್ಜಿಯ ಹೊತ್ತಲ್ಲ, ಪರೀಕ್ಷೆಗೆಂದು ಡಿಜಿಸಿಎ ಕೊಡುವ ಕಂಪ್ಯೂಟರ್ ನಂಬರ್ ತೆಗೆದುಕೊಳ್ಳುವುದಕ್ಕಿಂತ ಮೊದಲು. ಆ ನಂಬರಿನ ಹೆಸರೇ ಫಲಿತಾಂಶಕ್ಕೂ ಡಿಜಿಸಿಎಯ ಆನ್‌ಲೈನ್ ಪೋರ್ಟಲ್ ಆದ ಇಜಿಸಿಎಯ ಪ್ರೊಫೈಲಿಗೂ ಹರಿದು ಬರುತ್ತದೆ. ಎಸ್ಸೆಸ್ಸೆಲ್ಸಿಯದನ್ನು ಬದಲಿಸುವುದು ಎಲ್ಲಕ್ಕಿಂತ ಕಷ್ಟ, ಹುಟ್ಟಿದ ದಿನಾಂಕಕ್ಕೂ ಅದೇ ಆಧಾರ. ಹಾಗಾಗಿ ಅದನ್ನು ಗೂಟವೆಂದು ಹಿಡಿದು ಉಳಿದವನ್ನು ಅದಕ್ಕೆ ಕಟ್ಟಿ. ಆಧಾರ್ ತಿದ್ದಿಸುವುದು ಸುಲಭ, ಆಮೇಲೆ ಪ್ಯಾನ್, ಆಮೇಲೆ ಪಾಸ್‌ಪೋರ್ಟ್. ಪಾಸ್‌ಪೋರ್ಟಿನಲ್ಲಿ ಬಿಡಿಸಿದ ಹೆಸರೇ ಇರಲಿ ಎನ್ನುವವರು ಇನಿಷಿಯಲ್ ಯಾವುದಕ್ಕೆ ಯಾವುದು ಎಂದು ಅಕ್ಷರ ಅಕ್ಷರವಾಗಿ ಬರೆದ, ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ಟನ್ನು ಇ-ಸ್ಟಾಂಪ್ ಕಾಗದದ ಮೇಲೆ ಮಾಡಿಸಿ ನೋಟರಿ ಹಾಕಿಸಿ ಸಿದ್ಧವಾಗಿಡಿ. ಹೆಸರೇ ಬೇರೆಯಾಗಿದ್ದರೆ ಅಫಿಡವಿಟ್ ಸಾಲದು, ರಾಜ್ಯಪತ್ರದಲ್ಲಿ ಪ್ರಕಟಿಸಬೇಕು.

ಸಹಿ ಕೂಡ ಹಾಗೆಯೇ. ಕನ್ನಡದಲ್ಲಿ ಸಹಿ ಮಾಡುವವರು ಪಾಸ್‌ಪೋರ್ಟ್, ಲಾಗ್‌ಬುಕ್, ಅರ್ಜಿ ಎಲ್ಲದರಲ್ಲೂ ಅದನ್ನೇ ಹಾಕಿ. ಅರ್ಧಕ್ಕೆ ಬದಲಿಸಬೇಡಿ.

ಬೋರ್ಡಿನ ವೆರಿಫಿಕೇಷನ್ ಪತ್ರ ಇನ್ನೊಂದು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಪಾಸಾದ ಅಂಕಪಟ್ಟಿ ಅಸಲಿ ಎಂದು ಬೋರ್ಡ್ ಹೇಳಬೇಕು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳ ಪ್ರಕರಣ ದೇಶದ ತುಂಬ ಸುದ್ದಿಯಾಗಿತ್ತು. ಅದನ್ನು ನೆನೆದರೆ ಈ ಬಿಗಿ ಅತಿಯಾಯಿತು ಎನಿಸುವುದಿಲ್ಲ. ನಮ್ಮಲ್ಲಿ ಈಗ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯೇ ನೋಡಿಕೊಳ್ಳುತ್ತದೆ. ಪತ್ರ ಬಂದಾಗ ನೋಂದಣಿ ಸಂಖ್ಯೆ, ವರ್ಷ, ಹೆಸರಿನ ಅಕ್ಷರ ಮೂರನ್ನೂ ಅಲ್ಲಿಯೇ ನಿಂತು ನೋಡಿಕೊಳ್ಳಿ.

ಇಜಿಸಿಎಯಲ್ಲಿ ಸಲ್ಲಿಸುವುದು

ಇಷ್ಟು ಆದರೆ ಪೋರ್ಟಲ್ ಕೆಲಸ ಒಂದು ಮಧ್ಯಾಹ್ನದ್ದು. ಅದಕ್ಕೂ ಮೊದಲು ಇ-ಲಾಗ್‌ಬುಕ್ ತೆರೆದು ನೋಡಿ. ನೀವು ತುಂಬಿದ ಹಾರಾಟಗಳನ್ನು ಶಾಲೆಯ ಕಡೆಯವರು ಒಪ್ಪಿಗೆ ಕೊಟ್ಟು ಮುಗಿಸಿರಬೇಕು, ಬಾಕಿ ಉಳಿದ ಸಾಲು ಲೆಕ್ಕಕ್ಕೆ ಬರುವುದಿಲ್ಲ. ಎರಡು ಶಾಲೆಗಳಲ್ಲಿ ಹಾರಿದವರು ಹಳೆಯ ಶಾಲೆಯವರಿಂದ ಆ ಭಾಗವನ್ನು ಬಿಡುವ ದಿನವೇ ಮುಗಿಸಿಕೊಳ್ಳಬೇಕು. ಬಿಟ್ಟು ಬಂದು ವರ್ಷದ ಮೇಲೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ.

ಜೊತೆಗಿಡುವ ಕಾಗದಗಳು: ಹತ್ತನೆಯ, ಹನ್ನೆರಡನೆಯ ತರಗತಿ ಅಂಕಪಟ್ಟಿ, ವೆರಿಫಿಕೇಷನ್ ಪತ್ರ, ಕ್ಲಾಸ್ 1 ಅಸೆಸ್‌ಮೆಂಟ್, ಪೇಪರುಗಳ ಫಲಿತಾಂಶ, ಆರ್‌ಟಿಆರ್, ಸ್ಟೂಡೆಂಟ್ ಪೈಲಟ್ ಲೈಸೆನ್ಸ್, ಇಂಗ್ಲಿಷ್ ಪ್ರಾವೀಣ್ಯದ ಪತ್ರ (ಕನಿಷ್ಠ ನಾಲ್ಕನೆಯ ಹಂತ), ಟೆಸ್ಟ್ ರಿಪೋರ್ಟುಗಳು, ಗಂಟೆಗಳ ವಿಂಗಡಣೆಯ ಸಿಎಫ್‌ಐ ಸರ್ಟಿಫಿಕೇಟ್, ಲಾಗ್‌ಬುಕ್ ಪುಟಗಳು. ರೇಡಿಯೊ ಬಳಕೆಯ ಲೈಸೆನ್ಸ್ ಆದ ಎಫ್‌ಆರ್‌ಟಿಒಎಲ್ ಅರ್ಜಿಯನ್ನು ಜೊತೆಜೊತೆಗೇ ಹಾಕಿ, ಅದು ಹಿಂದೆ ಬಿದ್ದರೆ ಸಿಪಿಎಲ್ ಕೂಡ ಕಾಯುತ್ತದೆ. ಸಿಎಫ್‌ಐ ಸರ್ಟಿಫಿಕೇಟ್ ಬಗ್ಗೆ ಒಂದು ಮಾತು. ಅದನ್ನು ಕಚೇರಿಯಲ್ಲಿ ಟೈಪ್ ಮಾಡುವವರು ಹಳೆಯ ವಿದ್ಯಾರ್ಥಿಯ ಫೈಲಿನ ಮೇಲೆಯೇ ತಿದ್ದಿ ಟೈಪ್ ಮಾಡುತ್ತಾರೆ. ನಿಮ್ಮ ಎಕ್ಸೆಲ್ ಹಾಳೆಯನ್ನು ಅವರಿಗೆ ಕೊಟ್ಟು, ಸಹಿಗೆ ಹೋಗುವ ಮೊದಲೇ ಪ್ರತಿ ಅಂಕಿಯನ್ನೂ ಬೆರಳಿಟ್ಟು ನೋಡಿ. ಸರ್ಟಿಫಿಕೇಟ್, ಕಾಗದದ ಲಾಗ್‌ಬುಕ್, ಇ-ಲಾಗ್‌ಬುಕ್ ಮೂರರಲ್ಲೂ ನಿಮಿಷದವರೆಗೆ ಒಂದೇ ಮೊತ್ತ ಬರಬೇಕು.

ಸ್ಕ್ಯಾನ್ ಬಣ್ಣದಲ್ಲಿರಲಿ. ಕಪ್ಪುಬಿಳುಪಿನಲ್ಲಿ ನೀಲಿ ಮುದ್ರೆಯ ಕೆಳಗಿನ ಅಂಕಿ ಮಸುಕಾಗುತ್ತದೆ, ಕೆಂಪು ಶಾಯಿಯಲ್ಲಿ ಬರೆದ ರಾತ್ರಿ ಹಾರಾಟಗಳು ಉಳಿದವುಗಳ ಜೊತೆ ಬೆರೆತುಹೋಗುತ್ತವೆ. 200 ಡಿಪಿಐ ಸಾಕು. ಮೊಬೈಲಿನಲ್ಲಿ ಫೋಟೊ ಹೊಡೆದರೆ ಪುಸ್ತಕದ ಬೆನ್ನಿನ ಕಡೆಯ ಕಾಲಮ್ ಬಾಗಿ ಓದಲಾಗದು. ಫೈಲಿನ ಹೆಸರಿನಲ್ಲಿ ಏನೆಂದು ಬರೆಯಿರಿ.

ಶುಲ್ಕ ಸರ್ಕಾರದ ಪಾವತಿ ಪೋರ್ಟಲ್ ಭಾರತ್‌ಕೋಶ್ ಮೂಲಕ ಹೋಗುತ್ತದೆ. ಖಾತೆಯಿಂದ ಹಣ ಕಡಿತವಾಗಿ ಪೋರ್ಟಲಿನಲ್ಲಿ ಬಾಕಿ ಎಂದೇ ತೋರಿಸಿದರೆ ಗಾಬರಿಯಿಂದ ಎರಡನೆಯ ಸಲ ಕಟ್ಟಬೇಡಿ. ಟ್ರಾನ್ಸಾಕ್ಷನ್ ಸಂಖ್ಯೆ ಬರೆದಿಟ್ಟುಕೊಂಡು ಮರುದಿನ ನೋಡಿ. ಆದರೆ ಆರು ತಿಂಗಳ ಗಡುವಿನ ಕೊನೆಯ ದಿನವೇ ಹೀಗಾದರೆ ಏನು ಗತಿ? ಹತ್ತು ದಿನವಾದರೂ ಮೊದಲೇ ಸಲ್ಲಿಸಿ.

ಪ್ರಶ್ನೆ ಹಾಕಿ ವಾಪಸ್ ಕಳಿಸುವುದು ಸಾಮಾನ್ಯ, ಅದನ್ನು ತಿರಸ್ಕಾರ ಎಂದುಕೊಳ್ಳಬೇಡಿ. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ. ಮೇಲೆ ಒಂದು ಪುಟದ ಪತ್ರ, ಪ್ರಶ್ನೆ ಒಂದಕ್ಕೆ ಉತ್ತರ, ಜೊತೆಗಿರುವ ಪುಟದ ಸಂಖ್ಯೆ. ಪೂರ್ತಿ ಲಾಗ್‌ಬುಕ್ಕನ್ನು ಮತ್ತೆ ಹಾಕಿದರೆ ಪರಿಶೀಲನೆ ಮತ್ತೆ ಮೊದಲಿನಿಂದ ಶುರುವಾಗುವ ಸಾಧ್ಯತೆಯೇ ಹೆಚ್ಚು, ಹೊಸ ಪ್ರಶ್ನೆಗಳೂ ಹುಟ್ಟುತ್ತವೆ.

ಹೊರಗೆ ಕಲಿತು ಬಂದವರಿಗೆ

ಅಮೆರಿಕದಲ್ಲಿ ಹಾರಿದವರಿಗೆ ದೊಡ್ಡ ಹೊಡೆತ ಪಿಐಸಿ ಲೆಕ್ಕದಲ್ಲಿ. ಅಲ್ಲಿನ ನಿಯಮ 61.51ರ ಪ್ರಕಾರ ಆಗಲೇ ರೇಟಿಂಗ್ ಇರುವವರು ಇನ್‌ಸ್ಟ್ರಕ್ಟರ್ ಜೊತೆ ಕಲಿಯುತ್ತಿದ್ದರೂ, ಕಂಟ್ರೋಲ್ ತಮ್ಮ ಕೈಯಲ್ಲಿದ್ದರೆ ಅದೇ ಸಮಯವನ್ನು ಪಿಐಸಿ ಎಂದೂ ಬರೆಯಬಹುದು. ಗೆಳೆಯರಿಬ್ಬರು, ಒಬ್ಬ ಹೊರಗೆ ಕಾಣದಂತೆ ಮರೆಮಾಡುವ ಹುಡ್ ಹಾಕಿಕೊಂಡು, ಇನ್ನೊಬ್ಬ ಹೊರಗೆ ಕಣ್ಣಿಡುವ ಸೇಫ್ಟಿ ಪೈಲಟ್ ಆಗಿ, ಇಬ್ಬರೂ ಪಿಐಸಿ ಬರೆಯುವುದೂ ಅಲ್ಲಿ ನಡೆಯುತ್ತದೆ. ಇಲ್ಲಿ ಒಂದು ಹಾರಾಟಕ್ಕೆ ಒಬ್ಬನೇ ಯಜಮಾನ. ಹಾಗಾಗಿ ಅಲ್ಲಿರುವಾಗಲೇ ಇನ್ನೊಂದು ಕಾಲಮ್ ಹಾಕಿ ಭಾರತದ ಲೆಕ್ಕದ ಪಿಐಸಿಯನ್ನು ಬೇರೆ ಬರೆದುಕೊಂಡು ಬನ್ನಿ. ಅಲ್ಲಿನ ಪುಸ್ತಕ 112 ತೋರಿಸಿದರೂ ಇಲ್ಲಿಗೆ 80 ಆಗಬಹುದು, ಆ ಕೊರತೆಯನ್ನು ಅಲ್ಲಿಯೇ ತುಂಬಿಕೊಳ್ಳುವುದು ಸುಲಭ. ಲೈಸೆನ್ಸ್ ಅಸಲಿ ಎಂಬ ದೃಢೀಕರಣ ಆ ದೇಶದ ಪ್ರಾಧಿಕಾರದಿಂದಲೇ ಬರಬೇಕು. ಇಲ್ಲಿ ಏರ್ ರೆಗ್ಯುಲೇಷನ್ಸ್ ಮತ್ತು ನ್ಯಾವಿಗೇಷನ್, ಮಿಟಿಯರಾಲಜಿ ಸೇರಿದ ಕಾಂಪೋಸಿಟ್ ಪೇಪರ್ ಬರೆಯಬೇಕು. ಪೇಪರ್ ಮುಗಿಯುವಷ್ಟರಲ್ಲಿ ಅಲ್ಲಿನ ಟೆಸ್ಟುಗಳಿಗೆ ಆರು ತಿಂಗಳು ದಾಟಿರುತ್ತದೆ. ಇಲ್ಲಿನ ಯಾವುದಾದರೂ ಶಾಲೆಯಲ್ಲಿ ಮತ್ತೆ ಟೆಸ್ಟ್ ಹಾರುವ ಖರ್ಚನ್ನು ಮೊದಲೇ ಬಜೆಟ್ಟಿನಲ್ಲಿ ಇಟ್ಟುಕೊಳ್ಳಿ.

ಬಂದ ಮೇಲೆ

2025ರ ಫೆಬ್ರುವರಿಯಿಂದ ಲೈಸೆನ್ಸ್ ಎಲೆಕ್ಟ್ರಾನಿಕ್ ರೂಪದಲ್ಲಿ ಇಜಿಸಿಎ ಮೊಬೈಲ್ ಆ್ಯಪ್‌ನಲ್ಲೇ ಸಿಗುತ್ತದೆ. ಚೀನಾದ ನಂತರ ಇದನ್ನು ಜಾರಿ ಮಾಡಿದ ಎರಡನೆಯ ದೇಶ ನಮ್ಮದು. ತೆರೆದ ತಕ್ಷಣ ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ, ವಿಮಾನದ ಟೈಪುಗಳು, ಇನ್‌ಸ್ಟ್ರುಮೆಂಟ್ ರೇಟಿಂಗಿನ ತಾರೀಕು ನೋಡಿ. ಮಲ್ಟಿ ಎಂಜಿನ್ ಟೈಪ್ ಬಿಟ್ಟುಹೋಗಿದ್ದರೆ ಆಗಲೇ ತಿಳಿಸಿ.

2023ರ ತಿದ್ದುಪಡಿಯಿಂದ ಸಿಪಿಎಲ್ ಅವಧಿ ಐದರಿಂದ ಹತ್ತು ವರ್ಷಕ್ಕೆ ಏರಿದೆ. ಹತ್ತು ವರ್ಷ ಎಂದು ನೋಡಿ ಫೈಲು ಕಟ್ಟಿಡುವಂತಿಲ್ಲ, ಏಕೆಂದರೆ ಮೆಡಿಕಲ್ ಒಂದು ವರ್ಷದ್ದು, ಇನ್‌ಸ್ಟ್ರುಮೆಂಟ್ ರೇಟಿಂಗ್ ಒಂದು ವರ್ಷದ್ದು. ಅದೂ ಟೆಸ್ಟ್ ಹಾರಿದ ದಿನದಿಂದ ಎಣಿಕೆ, ಲೈಸೆನ್ಸ್ ಬಂದ ದಿನದಿಂದಲ್ಲ. ಅರ್ಜಿ ಮೂರು ತಿಂಗಳು ತೆಗೆದುಕೊಂಡಿದ್ದರೆ ಕೈಗೆ ಬಂದ ದಿನ ಉಳಿದಿರುವುದು ಒಂಬತ್ತೇ ತಿಂಗಳು. ಏರ್‌ಲೈನ್ ಅರ್ಜಿ ಹಾಕುವವರು ಈ ಎರಡು ತಾರೀಕುಗಳನ್ನು ಲಾಗ್‌ಬುಕ್‌ನ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಪೆನ್ಸಿಲ್ ಯಾಕೆಂದರೆ, ಪ್ರತಿ ವರ್ಷ ಅಳಿಸಿ ಬರೆಯಬೇಕಾಗುತ್ತದೆ.